ಹಳೆಯ ಜೀಪಿನ ಹ್ಯಾಂಡ್ ಬ್ರೇಕ್ ಇಳಿಜಾರಿನಲ್ಲಿ ನಿಲ್ಲುತ್ತಿಲ್ಲ: ದುರಸ್ತಿ ಮಾಡಿಸುವುದೋ, ಬೇರೆಯದನ್ನೇ ಹಾಕಿಸುವುದೋ?

ಪ್ರಶ್ನೆ (ಕಕ್ಕಬ್ಬೆ ಕಡೆಯ ಕಾಫಿ ಬೆಳೆಗಾರ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ವಿಲ್ಲಿಸ್ ಮಾದರಿಯ ಹಳೆಯ ಡೀಸೆಲ್ ಜೀಪೊಂದಿದೆ. ಕೊಯ್ಲಿನ ಕಾಲದಲ್ಲಿ ಹಣ್ಣು ಕಾಫಿಯ ಚೀಲಗಳನ್ನು ಕಣಕ್ಕೆ ತರುವುದಕ್ಕೂ, ಮಳೆಗಾಲದಲ್ಲಿ ಬೇರೆ ಯಾವ ವಾಹನವೂ ಹತ್ತದ ಮೇಲಿನ ತೋಟಕ್ಕೆ ಹೋಗಿ ಬರುವುದಕ್ಕೂ ನಾವು ಅದನ್ನೇ ನಂಬಿದ್ದೇವೆ. ಎಂಜಿನ್, ಗೇರ್ ಬಾಕ್ಸ್, ಕಾಲಿನ ಬ್ರೇಕ್ ಎಲ್ಲವೂ ಚೆನ್ನಾಗಿವೆ. ತೊಂದರೆ ಇರುವುದು ಹ್ಯಾಂಡ್ ಬ್ರೇಕಿನಲ್ಲಿ ಮಾತ್ರ.

ಇದರ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳ ಒಳಗಿಲ್ಲ. ಟ್ರಾನ್ಸ್‌ಫರ್ ಕೇಸಿನ (ಗೇರ್ ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ) ಹಿಂಬದಿಯಲ್ಲಿ, ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಜಾಗದಲ್ಲಿ ಒಂದು ಚಿಕ್ಕ ಡ್ರಮ್ ಇದೆ. ಅದರೊಳಗಿನ ಎರಡು ಶೂಗಳು ಬಿಗಿದುಕೊಂಡು ಶಾಫ್ಟನ್ನು ಹಿಡಿಯಬೇಕು. ಬೆಳಿಗ್ಗೆ ಶೆಡ್ಡಿನಿಂದ ತೆಗೆದಾಗ ಹಿಡಿತ ಒಂದು ಮಟ್ಟಿಗೆ ಸರಿಯಾಗಿಯೇ ಇರುತ್ತದೆ, ಆದರೆ ತೋಟದ ಏರಿನಲ್ಲಿ ಲೋ ಗೇರಿನಲ್ಲಿ ಓಡಾಡಿ ಮಧ್ಯಾಹ್ನದ ಹೊತ್ತಿಗೆ ಕಣದ ಬಳಿಯ ಇಳಿಜಾರಿನಲ್ಲಿ ನಿಲ್ಲಿಸಿದರೆ ಲಿವರನ್ನು ಕೊನೆಯ ಹಲ್ಲಿನವರೆಗೆ ಎಳೆದರೂ ಗಾಡಿ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ಕೇಬಲ್ ಹೊಸದಾಗಿ ಹಾಕಿಸಿದ್ದಾಗಿದೆ. ವರ್ಕ್‌ಶಾಪಿಗೆ ಹೋದಾಗಲೆಲ್ಲ ಕೇಬಲನ್ನು ಇನ್ನಷ್ಟು ಬಿಗಿ ಮಾಡಿ ಕಳುಹಿಸುತ್ತಾರೆ; ಕೆಲವು ದಿನ ಸರಿಯಿದ್ದು ಮತ್ತೆ ಅದೇ ಕಥೆ. ಚೀಲ ಇಳಿಸುವ ಆಳುಗಳು ಗಾಡಿಯ ಹಿಂದೆಯೇ ನಿಂತಿರುತ್ತಾರೆ, ಆದ್ದರಿಂದ ಇದನ್ನು ಇನ್ನು ಹೀಗೆಯೇ ಬಿಡಲು ನನಗೆ ಮನಸ್ಸಿಲ್ಲ.

ಈ ಡ್ರಮ್ಮನ್ನು ತೆಗೆದುಹಾಕಿ ಡಿಸ್ಕ್ ಬ್ರೇಕ್ ಜೋಡಿಸಬಹುದೆಂದು ಒಬ್ಬರು ಹೇಳುತ್ತಾರೆ. ಕಾಲಿನ ಬ್ರೇಕಿನ ಪೈಪಿಗೆ ಲಾಕ್ ವಾಲ್ವ್ ಹಾಕಿದರೆ ಹ್ಯಾಂಡ್ ಬ್ರೇಕೇ ಬೇಡವೆಂದು ಇನ್ನೊಬ್ಬರು ಹೇಳುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ (ಗೋಣಿಕೊಪ್ಪದಿಂದ, ಜೀಪು ದುರಸ್ತಿ ಮಾಡುವವರು)

ತಾವು ಬರೆದಿರುವುದರಲ್ಲಿಯೇ ಉತ್ತರದ ಬಹುಭಾಗ ಇದೆ. ಬೆಳಿಗ್ಗೆ ಹಿಡಿಯುವ ಬ್ರೇಕ್ ಮಧ್ಯಾಹ್ನ ಹಿಡಿಯುವುದಿಲ್ಲವೆಂದರೆ ಕೇಬಲಿನ ಮೇಲೆ ಸಂಶಯಪಡುವ ಅಗತ್ಯ ಕಡಿಮೆ, ಏಕೆಂದರೆ ಹೊಸ ಕೇಬಲ್ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಸಡಿಲಗೊಳ್ಳುವುದಿಲ್ಲ. ಆ ಅವಧಿಯಲ್ಲಿ ಬದಲಾಗುವುದು ಟ್ರಾನ್ಸ್‌ಫರ್ ಕೇಸಿನ ಆಯಿಲ್. ಲೋ ಗೇರಿನಲ್ಲಿ ಏರು ಹತ್ತಿದಾಗ ಆಯಿಲ್ ಬಿಸಿಯಾಗಿ ತೆಳುವಾಗುತ್ತದೆ, ಹಿಂಬದಿಯ ಆಯಿಲ್ ಸೀಲ್ ಸವೆದಿದ್ದರೆ ಅದರ ರಬ್ಬರ್ ತುಟಿಯನ್ನು ದಾಟಿ ಹೊರಬರುತ್ತದೆ, ಮತ್ತು ಆ ಸೀಲಿನ ಬೆನ್ನಿಗೇ ತಮ್ಮ ಹ್ಯಾಂಡ್ ಬ್ರೇಕಿನ ಡ್ರಮ್ ಇದೆ. ಹೊರಬಂದ ಆಯಿಲ್ ನೆಲಕ್ಕೆ ತೊಟ್ಟಿಕ್ಕುವ ಮೊದಲು ಲೈನರಿಗೆ, ಅಂದರೆ ಶೂಗಳ ಮೇಲೆ ಡ್ರಮ್ಮನ್ನು ಉಜ್ಜಿ ಹಿಡಿಯುವ ಪದರಕ್ಕೆ, ಹತ್ತುತ್ತದೆ. ಲೈನರ್ ಒಮ್ಮೆ ಆಯಿಲ್ ಕುಡಿಯಿತೆಂದರೆ ಕೇಬಲನ್ನು ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ.

ಡ್ರಮ್ ಬಿಚ್ಚುವ ಮೊದಲೇ ಪರೀಕ್ಷಿಸಿಕೊಳ್ಳಬಹುದು. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ನಾಲ್ಕು ಚಕ್ರಗಳಿಗೂ ಅಡ್ಡ ಕೊಟ್ಟು, ಡ್ರಮ್ಮಿನ ಹಿಂದಿನ ತಟ್ಟೆಯ ಕೆಳ ಅಂಚನ್ನು ಬೆರಳಿನಿಂದ ಒರೆಸಿ ನೋಡಿ. ಕೆಂಪು ಮಣ್ಣು ಒಣಗಿ ಪುಡಿಯಾಗಿ ಉದುರಿದರೆ ಸರಿ. ಕಪ್ಪಗೆ, ಜಿಗುಟಾಗಿ, ಮೇಣದ ಹಾಗೆ ಬೆರಳಿಗೆ ಮೆತ್ತಿಕೊಂಡರೆ ಅದು ಗೇರ್ ಆಯಿಲ್ ಕುಡಿದ ಮಣ್ಣು. ಮೂಗಿಗೆ ಹಿಡಿದರೆ ಗಂಧಕದ ಕಟುವಾಸನೆ ಬರುತ್ತದೆ. ಚಕ್ರದೊಳಗೆ ಹ್ಯಾಂಡ್ ಬ್ರೇಕ್ ಇರುವ ಗಾಡಿಗಳಲ್ಲಿ ಒದ್ದೆ ಕಂಡರೆ ಅದು ವೀಲ್ ಸಿಲಿಂಡರಿನಿಂದ ಸೋರಿದ ಬ್ರೇಕ್ ಆಯಿಲೋ, ಆಕ್ಸಲಿನಿಂದ ಬಂದ ಗೇರ್ ಆಯಿಲೋ ಎಂದು ಬೇರ್ಪಡಿಸಿ ನೋಡಬೇಕಾಗುತ್ತದೆ. ತಮ್ಮ ಗಾಡಿಯ ಆ ಡ್ರಮ್ಮಿನಲ್ಲಿ ವೀಲ್ ಸಿಲಿಂಡರೇ ಇಲ್ಲವಾದ್ದರಿಂದ ಒದ್ದೆ ಇದ್ದರೆ ಅದು ಟ್ರಾನ್ಸ್‌ಫರ್ ಕೇಸಿನದೇ.

ಬಿಚ್ಚುವಾಗ ಒಂದು ಮಾತನ್ನು ಮರೆಯಬೇಡಿ. ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕಳಚಿದ ಕ್ಷಣದಿಂದ ಹಿಂದಿನ ಚಕ್ರಗಳಿಗೂ ಹ್ಯಾಂಡ್ ಬ್ರೇಕಿಗೂ ಸಂಬಂಧ ಕಡಿದುಹೋಗುತ್ತದೆ, ಗೇರಿನಲ್ಲಿ ನಿಲ್ಲಿಸಿದ್ದರೆ ಅದರ ಹಿಡಿತವೂ ಹಿಂದಿನ ಚಕ್ರಕ್ಕೆ ತಲುಪುವುದಿಲ್ಲ. ಗಾಡಿಯ ಕೆಳಗೆ ಮಲಗಿ ಕೊನೆಯ ಬೋಲ್ಟ್ ತೆಗೆಯುವಾಗ ಗಾಡಿಯನ್ನು ತಡೆದು ನಿಲ್ಲಿಸುವುದು ಚಕ್ರಕ್ಕೆ ಕೊಟ್ಟ ಅಡ್ಡ ಮಾತ್ರ. ಆದ್ದರಿಂದ ಈ ಕೆಲಸವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿಯೇ ಮಾಡಿ, ಮಳೆಯಲ್ಲಿ ನೆನೆದ ಅಂಗಳದಲ್ಲಿ ಬೇಡ. ಶಾಫ್ಟಿಗೂ, ಅದನ್ನು ಬೋಲ್ಟ್ ಮಾಡುವ ಫ್ಲ್ಯಾಂಜಿಗೂ ಸೇರುವಂತೆ ಒಂದು ಗೆರೆ ಕೊರೆದುಕೊಂಡು, ಮತ್ತೆ ಜೋಡಿಸುವಾಗ ಗೆರೆಗೆ ಗೆರೆ ಸರಿಯಾಗಿ ಕೂರಿಸಿ.

ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಹೋಗುವುದು ಅಪಾಯ. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಕಟ್ಟಿ ಎಸೆಯಿರಿ.

ಲೈನರಿಗೆ ಆಯಿಲ್ ಹತ್ತಿದ್ದರೆ ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು, ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಇಂಗಿದ ಆಯಿಲ್ ಬಿಸಿಯಾದಾಗ ಮತ್ತೆ ಮೇಲಕ್ಕೆ ಬರುತ್ತದೆ. ಶೂ ಚೆನ್ನಾಗಿದ್ದರೆ ಹೊಸ ಲೈನರ್ ಹೊಡೆಸಿ. ರಿವೆಟಿನ ತಲೆಗಳು ಲೈನರಿನ ಮೇಲ್ಮೈಗಿಂತ ಚೆನ್ನಾಗಿ ಒಳಗೆ ಕುಳಿತಿರಬೇಕು. ಆದರೆ ಸೀಲ್ ಬದಲಿಸದೆ ಲೈನರ್ ಮಾತ್ರ ಬದಲಿಸಿದರೆ ಹಣ ದಂಡ.

ಉತ್ತರ (ಸೋಮವಾರಪೇಟೆಯಿಂದ, ಥಾರ್ ಮತ್ತು ಜಿಪ್ಸಿ ಇಟ್ಟುಕೊಂಡವರು)

ಗೋಣಿಕೊಪ್ಪದ ಅಣ್ಣನವರು ಹೇಳಿರುವುದು ಪ್ರಶ್ನೆ ಕೇಳಿದವರ ಜೀಪಿಗೆ ಸರಿಯಾಗಿ ಹೊಂದುತ್ತದೆ. ಇದೇ ತೊಂದರೆಯಿಂದ ಇಲ್ಲಿಗೆ ಬರುವ ಬೇರೆಯವರಲ್ಲಿ ಹೆಚ್ಚಿನವರ ಬಳಿ ಹಿಂದಿನ ಚಕ್ರದ ಡ್ರಮ್ಮಿನಲ್ಲಿಯೇ ಹ್ಯಾಂಡ್ ಬ್ರೇಕ್ ಕೆಲಸ ಮಾಡುವ ಗಾಡಿಗಳಿರುತ್ತವೆಂದು ಭಾವಿಸಿ ಅವುಗಳ ಬಗ್ಗೆಯೂ ಸ್ವಲ್ಪ ಬರೆಯುತ್ತೇನೆ.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಈ ಜಿಲ್ಲೆಯಲ್ಲಿ ಇಂಥ ಗಾಡಿಗಳ ಶತ್ರು ಆಯಿಲಿಗಿಂತ ನೀರು ಮತ್ತು ಕೆಸರು. ತೋಡು ದಾಟಿದಾಗ, ಮಾಂದಲಪಟ್ಟಿಯ ದಾರಿಯಂಥ ಕೆಸರಿನಲ್ಲಿ ಚಕ್ರ ಹೂತಾಗ, ನೀರು ಕೇಬಲಿನ ಹೊರಕವಚದ ಬಾಯಿಯಿಂದ ಒಳಗಿಳಿದು ಅಲ್ಲಿಯೇ ಉಳಿಯುತ್ತದೆ. ಒಳಗಿನ ತಂತಿ ತುಕ್ಕು ಹಿಡಿದು ಊದಿಕೊಂಡು ಕವಚದೊಳಗೆ ಸಿಕ್ಕಿಕೊಳ್ಳುತ್ತದೆ. ಆಗ ಲಿವರ್ ಎಳೆಯುವುದು ಭಾರವಾಗುತ್ತದೆ, ಎಳೆದವರಿಗೆ ಬ್ರೇಕ್ ಚೆನ್ನಾಗಿ ಹಿಡಿದಿದೆ ಎನಿಸುತ್ತದೆ, ಆದರೆ ಕೈಯ ಬಲವೆಲ್ಲ ಆ ತುಕ್ಕಿನ ಘರ್ಷಣೆಯಲ್ಲಿಯೇ ಖರ್ಚಾಗಿ ಶೂಗೆ ತಲುಪುವುದು ಅಲ್ಪ. ಒಂದು ಬದಿಯ ಕೇಬಲ್ ಮಾತ್ರ ಸಿಕ್ಕಿಕೊಂಡಿದ್ದರೆ ಒಂದೇ ಚಕ್ರ ಹಿಡಿಯುತ್ತದೆ. ಹಿಂದಿನ ಎರಡೂ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು, ಮುಂದಿನವುಗಳಿಗೆ ಅಡ್ಡ ಕೊಟ್ಟು, ಒಬ್ಬರು ಲಿವರನ್ನು ಒಂದೊಂದೇ ಹಲ್ಲು ಎಳೆಯುತ್ತಿದ್ದರೆ ಇನ್ನೊಬ್ಬರು ಚಕ್ರಗಳನ್ನು ಕೈಯಲ್ಲಿ ತಿರುಗಿಸಿ ನೋಡಿದಾಗ ಇದು ಕೂಡಲೇ ತಿಳಿಯುತ್ತದೆ. ಎರಡು ಕೇಬಲ್‌ಗಳಿಗೂ ಸಮನಾಗಿ ಬಲ ಹಂಚುವ ಪಟ್ಟಿಯ ಪಿನ್ನು ತುಕ್ಕು ಹಿಡಿದಿದ್ದರೂ ಇದೇ ಲಕ್ಷಣ. ತುಕ್ಕು ಹಿಡಿದ ಕೇಬಲಿಗೆ ಎಣ್ಣೆ ಬಿಟ್ಟು ಕಾಲ ತಳ್ಳುವುದಕ್ಕಿಂತ ಹೊಸದನ್ನು ಹಾಕಿಸುವುದೇ ಮೇಲು.

ಹೊಂದಿಸುವ ಕ್ರಮದ ಬಗ್ಗೆ ನಾನು ಒತ್ತಿ ಹೇಳಲೇಬೇಕು. ಮೊದಲು ಕೇಬಲನ್ನು ಪೂರ್ತಿ ಸಡಿಲ ಬಿಡಬೇಕು, ಆಮೇಲೆ ಡ್ರಮ್ಮಿನೊಳಗೆ ಶೂಗಳ ಅಂತರವನ್ನು ಸರಿಮಾಡಬೇಕು, ಕೇಬಲಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಇದನ್ನು ತಿರುವುಮುರುವಾಗಿ ಮಾಡಿ ಮೊದಲೇ ಕೇಬಲ್ ಬಿಗಿದರೆ ಶೂಗಳು ತಮ್ಮ ವಿಶ್ರಾಂತಿಯ ಜಾಗಕ್ಕೆ ಮರಳುವುದೇ ಇಲ್ಲ. ಲೈನರ್ ಸವೆದಂತೆ ಅಂತರವನ್ನು ತಾನಾಗಿ ಸರಿಪಡಿಸುವ ವ್ಯವಸ್ಥೆ ಇರುವ ಗಾಡಿಗಳಲ್ಲಿ ಆ ವ್ಯವಸ್ಥೆಯೂ ಕೆಲಸ ನಿಲ್ಲಿಸುತ್ತದೆ. ಲಿವರ್ ಮೊದಲ ಕೆಲವು ಹಲ್ಲುಗಳಲ್ಲಿಯೇ ಬಿಗಿಯಾಗಿ ನಿಂತು ಎಲ್ಲವೂ ಸರಿಯಿದೆ ಎಂಬ ಭಾವನೆ ಕೊಡುತ್ತದೆ, ಒಳಗೆ ಡ್ರಮ್ಮಿನ ಸ್ಥಿತಿ ಹಾಗೆಯೇ ಇರುತ್ತದೆ.

ಡ್ರಮ್ಮನ್ನು ಲೇತಿಗೆ ಕೊಡುವ ಮೊದಲು ಅದರ ಮೇಲೆ ಅಚ್ಚಾಗಿರುವ ಗರಿಷ್ಠ ವ್ಯಾಸವನ್ನು ಓದಿಕೊಳ್ಳಿ. ಅದನ್ನು ಮೀರಿದ ಡ್ರಮ್ಮಿನಲ್ಲಿ ಹೊಸ ಲೈನರ್ ಕೂಡ ನಡುಭಾಗದಲ್ಲಷ್ಟೇ ತಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಅಣ್ಣನವರು ಹೇಳಿದಂತೆಯೇ ತಟ್ಟೆಯ ಅಂಚಿನಲ್ಲಿ ಕಪ್ಪು ಜಿಗುಟು ಇತ್ತು, ವಾಸನೆಯೂ ಅದೇ. ಡ್ರಮ್ ತೆಗೆಸಿ ನೋಡಿದಾಗ ಎರಡೂ ಲೈನರುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಸೀಲಿನ ತುಟಿ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಫ್ಲ್ಯಾಂಜಿನ ಕತ್ತಿನ ಮೇಲೆ, ಸೀಲ್ ಉಜ್ಜುವ ಜಾಗದಲ್ಲಿ, ಸುತ್ತಲೂ ಒಂದು ಸಣ್ಣ ಗೆರೆ ಕಾಣುತ್ತಿದೆ. ಹೊಸ ಸೀಲ್ ಹಾಕಿದರೆ ಸಾಕೇ, ಅಥವಾ ಈ ಗೆರೆಗೂ ಏನಾದರೂ ಮಾಡಬೇಕೇ? ಅಲ್ಲದೆ, ಸೀಲ್ ಇಷ್ಟು ಬೇಗ ಹಾಳಾಗಲು ಬೇರೆ ಕಾರಣವೇನಾದರೂ ಇದೆಯೇ? ಹಿಂದಿನ ಮಳೆಗಾಲಕ್ಕೆ ಮೊದಲೇ ಈ ಸೀಲನ್ನು ಬದಲಿಸಿದ್ದಾರೆಂದು ವರ್ಕ್‌ಶಾಪಿನ ಬಿಲ್ಲಿನಲ್ಲಿದೆ.

ಉತ್ತರ (ಗೋಣಿಕೊಪ್ಪದಿಂದ)

ಆ ಗೆರೆಯನ್ನು ಉಗುರಿನಿಂದ ಅಡ್ಡಲಾಗಿ ಗೀಚಿ ನೋಡಿ. ಉಗುರು ಜಾರಿ ಹೋದರೆ ಹೊಸ ಸೀಲ್ ಸಾಕು. ಉಗುರು ಸಿಕ್ಕಿ ನಿಂತರೆ ಹೊಸ ಸೀಲ್ ಕೂಡ ಹೆಚ್ಚು ಕಾಲ ತಡೆಯುವುದಿಲ್ಲ, ಏಕೆಂದರೆ ಸೀಲಿನ ರಬ್ಬರ್ ತುಟಿ ನುಣುಪಾದ ಉಕ್ಕಿನ ಮೇಲೆ ಒತ್ತಿಕೊಂಡು ಓಡಬೇಕು, ಹಳ್ಳದಲ್ಲಿ ಆ ಒತ್ತಡ ಸಿಗುವುದಿಲ್ಲ. ಸೀಲನ್ನು ಅದರ ಗೂಡಿನಲ್ಲಿ ಒಂದಿಷ್ಟು ಒಳಗೋ ಹೊರಗೋ ಕೂರಿಸಿ, ತುಟಿ ಹಳೆಯ ಗೆರೆಯ ಪಕ್ಕದಲ್ಲಿ ಓಡುವಂತೆ ಮಾಡಲು ಜಾಗವಿದ್ದರೆ ಮೊದಲು ಅದನ್ನೇ ಮಾಡಬಹುದು. ಜಾಗವಿಲ್ಲದಿದ್ದರೆ ಕತ್ತಿಗೆ ತೆಳುವಾದ ಉಕ್ಕಿನ ಸ್ಲೀವ್ ಹೊಡೆಸಿ, ಅಥವಾ ಫ್ಲ್ಯಾಂಜನ್ನೇ ಬದಲಿಸಿ. ಸೀಲ್ ಕೂರಿಸುವಾಗ ತುಟಿಗೆ ಗ್ರೀಸ್ ಹಚ್ಚುವುದನ್ನು ಮರೆಯಬಾರದು. ಒಣ ತುಟಿ ಮೊದಲ ಓಟದಲ್ಲಿಯೇ ಸುಟ್ಟುಹೋಗುತ್ತದೆ.

ಸೀಲ್ ಬೇಗ ಹಾಳಾಗಲು ಕಾರಣ ಕೇಳಿದ್ದೀರಿ. ಟ್ರಾನ್ಸ್‌ಫರ್ ಕೇಸಿನ ಮೇಲೆ ಗಾಳಿಯಾಡಲು ಬ್ರೀದರ್ ಎಂಬ ಸಣ್ಣ ಭಾಗವಿರುತ್ತದೆ. ಒಳಗಿನ ಆಯಿಲ್ ಬಿಸಿಯಾದಾಗ ಹಿಗ್ಗುವ ಗಾಳಿ ಅದರ ಮೂಲಕ ಹೊರಹೋಗಬೇಕು. ತೋಟದ ಕೆಸರು ಮೆತ್ತಿ ಆ ತೂತು ಮುಚ್ಚಿಹೋದರೆ ಒಳಗೆ ಒತ್ತಡ ಏರಿ ಆಯಿಲನ್ನು ಸೀಲಿನ ಮೂಲಕವೇ ಹೊರಕ್ಕೆ ತಳ್ಳುತ್ತದೆ, ಆಗ ಎಂಥ ಒಳ್ಳೆಯ ಸೀಲ್ ಹಾಕಿದರೂ ಸೋರುವುದು ತಪ್ಪುವುದಿಲ್ಲ. ಬಿಸಿಯಾದ ಟ್ರಾನ್ಸ್‌ಫರ್ ಕೇಸ್ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಅದೇ ಸೀಲಿನ ಕಡೆಯಿಂದ ನೀರು ಒಳಗೆ ಸೇರುತ್ತದೆ. ಬ್ರೀದರನ್ನು ಬಿಚ್ಚಿ ಡೀಸೆಲಿನಲ್ಲಿ ತೊಳೆದು, ಬಾಯಿಯಿಂದ ಊದಿದರೆ ಗಾಳಿ ಸರಾಗವಾಗಿ ಹೋಗುವುದನ್ನು ಖಚಿತಪಡಿಸಿಕೊಳ್ಳಿ. ಸಾಧ್ಯವಿದ್ದರೆ ಅದಕ್ಕೊಂದು ರಬ್ಬರ್ ಪೈಪ್ ಜೋಡಿಸಿ ನೀರು ಮುಟ್ಟದ ಎತ್ತರಕ್ಕೆ, ಬಾನೆಟ್ಟಿನ ಒಳಗೆ ತಂದು ಕಟ್ಟಿ. ಆಯಿಲ್ ಮಟ್ಟವನ್ನೂ ಪರೀಕ್ಷಿಸಿ, ಅಗತ್ಯಕ್ಕಿಂತ ಹೆಚ್ಚು ತುಂಬಿಸಿದ್ದರೆ ಅದೂ ಸೀಲಿಗೆ ಹೊರೆ. ಆಯಿಲ್ ಹಾಲಿನಂತೆ ಬಿಳಿಚಿಕೊಂಡಿದ್ದರೆ ನೀರು ಸೇರಿದೆ ಎಂದರ್ಥ, ಪೂರ್ತಿ ಬದಲಿಸಿ.

ಹೊಸ ಲೈನರ್ ಹಾಕಿದ ಮೇಲೆ ಡ್ರಮ್ಮಿನ ಒಳಮೈಗೆ ಸೀಮೆಸುಣ್ಣ ಬಳಿದು, ಶೂವನ್ನು ಕೈಯಲ್ಲಿ ಹಿಡಿದು ಒಮ್ಮೆ ಉಜ್ಜಿ ನೋಡಿ. ಬಿಳಿ ಗುರುತು ಲೈನರಿನ ಉದ್ದಕ್ಕೂ ಬಂದರೆ ಹೊಂದಿಕೆ ಸರಿಯಿದೆ. ಎರಡು ತುದಿಗಳಲ್ಲಿ ಮಾತ್ರ ಅಥವಾ ನಡುವೆ ಮಾತ್ರ ಬಂದರೆ ಎದ್ದಿರುವ ಭಾಗವನ್ನು ಉಜ್ಜಿ ಇಳಿಸಿ, ಮತ್ತೆ ಸುಣ್ಣ ಹಚ್ಚಿ ನೋಡಿ. ಚಕ್ರದೊಳಗಿನ ಬ್ರೇಕ್ ದಿನವೂ ತುಳಿತದಲ್ಲಿ ಸವೆದು ಡ್ರಮ್ಮಿಗೆ ತಾನೇ ಹೊಂದಿಕೊಳ್ಳುತ್ತದೆ. ಈ ಶಾಫ್ಟಿನ ಬ್ರೇಕ್ ನಿಂತ ಗಾಡಿಯನ್ನು ಹಿಡಿಯುವುದಕ್ಕಷ್ಟೇ ಇರುವುದರಿಂದ ಹಾಗೆ ಹೊಂದಿಕೊಳ್ಳುವ ಅವಕಾಶವೇ ಅದಕ್ಕಿಲ್ಲ. ಆದ್ದರಿಂದ ಜೋಡಿಸುವಾಗಲೇ ಈ ಶ್ರಮ ವಹಿಸಬೇಕು. ಬಹಳ ವರ್ಕ್‌ಶಾಪುಗಳಲ್ಲಿ ಬಿಟ್ಟುಬಿಡುವ ಹಂತ ಇದು, ಹೊಸ ಲೈನರ್ ಹಾಕಿದರೂ ಹಿಡಿಯುವುದಿಲ್ಲವೆಂಬ ದೂರಿನ ಮೂಲ ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಓಡುತ್ತಿರುವ ಗಾಡಿಯಲ್ಲಿ ಈ ಬ್ರೇಕನ್ನು ಎಳೆದು ಲೈನರ್ ಕೂರಿಸಲು ಮಾತ್ರ ಹೋಗಬೇಡಿ. ಆ ಏಟು ನೇರವಾಗಿ ಶಾಫ್ಟಿನ ತುದಿಯ ಕೀಲಾದ ಕ್ರಾಸಿಗೂ, ಶಾಫ್ಟಿನ ಬಲವನ್ನು ಆಕ್ಸಲಿಗೆ ತಿರುಗಿಸುವ ಹಲ್ಲುಚಕ್ರಗಳಾದ ಕ್ರೌನ್ ಪಿನಿಯನ್ನಿಗೂ, ಆಕ್ಸಲಿಗೂ ಬೀಳುತ್ತದೆ.

ಉತ್ತರ (ಮಡಿಕೇರಿಯಿಂದ, ನಿವೃತ್ತ ತಾಂತ್ರಿಕ ಶಿಕ್ಷಕರು)

ಡಿಸ್ಕ್ ಜೋಡಿಸುವ ಮತ್ತು ಲಾಕ್ ವಾಲ್ವ್ ಹಾಕುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಅಷ್ಟು ಚಿಕ್ಕ ಡ್ರಮ್ ಇಡೀ ಗಾಡಿಯನ್ನು ಹೇಗೆ ಹಿಡಿದೀತು ಎಂಬ ಅನುಮಾನದಿಂದಲೇ ಅನೇಕರು ಅದನ್ನು ಕಿತ್ತುಹಾಕುವ ಯೋಚನೆಗೆ ಇಳಿಯುತ್ತಾರೆ. ಲೆಕ್ಕ ಹಾಕಿ ನೋಡೋಣ. ಹೊರೆಯೂ ಸೇರಿ 1600 ಕಿಲೋ ತೂಗುವ ಜೀಪು 20 ಶೇಕಡಾ ಏರಿನಲ್ಲಿ, ಅಂದರೆ 5 ಅಡಿ ಮುಂದಕ್ಕೆ ಹೋದರೆ 1 ಅಡಿ ಏರುವ ದಾರಿಯಲ್ಲಿ ನಿಂತಿದ್ದರೆ, ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 314 ಕಿಲೋ. ಚಕ್ರದ ತ್ರಿಜ್ಯ 35 ಸೆಂಟಿಮೀಟರ್ ಎಂದುಕೊಂಡರೆ ಹಿಂದಿನ ಆಕ್ಸಲಿನ ಬಳಿ ತಡೆಯಬೇಕಾದ ತಿರುಚುಬಲ ಸುಮಾರು 110 ಕಿಲೋಗ್ರಾಂ-ಮೀಟರ್. ಚಕ್ರದೊಳಗಿನ ಹ್ಯಾಂಡ್ ಬ್ರೇಕ್ ಇದಷ್ಟನ್ನೂ ಎರಡು ಡ್ರಮ್ಮುಗಳಲ್ಲಿ ಹಂಚಿಕೊಂಡು ಹೊರಬೇಕು. ಹಳೆಯ ವಿಲ್ಲಿಸ್ ಸಿಜೆ ಜೀಪುಗಳಲ್ಲಿ ಕ್ರೌನ್ ಪಿನಿಯನ್ ಅನುಪಾತ 5.38 ಇದ್ದು (ಶಾಫ್ಟ್ 5.38 ಸುತ್ತು ತಿರುಗಿದರೆ ಚಕ್ರ 1 ಸುತ್ತು), ಶಾಫ್ಟಿನ ಮೇಲೆ ಕೂತಿರುವ ಡ್ರಮ್ಮಿಗೆ ತಲುಪುವುದು ಅದರ ಐದನೇ ಒಂದು ಭಾಗಕ್ಕೂ ಕಡಿಮೆ, ಸುಮಾರು 20 ಕಿಲೋಗ್ರಾಂ-ಮೀಟರ್ ಮಾತ್ರ. ಆದ್ದರಿಂದ ಆ ಡ್ರಮ್ ಚಿಕ್ಕದಾಗಿರುವುದು ಕೊರತೆಯೇನಲ್ಲ. ಒಣಗಿದ, ಸರಿಯಾಗಿ ಹೊಂದಿಕೊಂಡ ಲೈನರ್ ಇದ್ದರೆ ಅದರ ಹಿಡಿತ ಗಟ್ಟಿಯಾಗಿರುತ್ತದೆ. ಪ್ರಯಾಣಿಕ ವಾಹನಗಳ ಹ್ಯಾಂಡ್ ಬ್ರೇಕ್ ಪೂರ್ಣ ಹೊರೆಯಲ್ಲಿ 20 ಶೇಕಡಾ ಏರಿನಲ್ಲಿಯೂ ಇಳಿಜಾರಿನಲ್ಲಿಯೂ ಹಿಡಿದು ನಿಲ್ಲಿಸಬೇಕೆಂದು ವಿಶ್ವಸಂಸ್ಥೆಯ ಕಾರು ಬ್ರೇಕ್ ನಿಯಮದಲ್ಲಿ ಇದೆ, ಹಾಗಾಗಿಯೇ ನಾನು ಆ ಏರನ್ನು ಲೆಕ್ಕಕ್ಕೆ ತೆಗೆದುಕೊಂಡೆ. ತೋಟದ ದಾರಿಗಳು ಅದಕ್ಕಿಂತ ಕಡಿದಾಗಿರುವುದು ಉಂಟು: ನಾಲ್ಕಕ್ಕೆ ಒಂದರ ಏರಿನಲ್ಲಿ ಅದೇ ಬಲ 388 ಕಿಲೋಗೆ ಏರುತ್ತದೆ. ಮೂಲಕ್ಕಿಂತ ದೊಡ್ಡ ಟಯರ್ ಹಾಕಿಸಿದವರು ತ್ರಿಜ್ಯ ಎಷ್ಟು ಹೆಚ್ಚಿತೋ ಹ್ಯಾಂಡ್ ಬ್ರೇಕಿನ ಹೊರೆಯನ್ನೂ ಅಷ್ಟೇ ಹೆಚ್ಚಿಸಿಕೊಂಡಿದ್ದಾರೆ.

ಶಾಫ್ಟಿಗೆ ಡಿಸ್ಕ್ ಮತ್ತು ಕೇಬಲಿನಿಂದ ಕೆಲಸ ಮಾಡುವ ಕ್ಯಾಲಿಪರ್ ಜೋಡಿಸುವುದು ತಾಂತ್ರಿಕವಾಗಿ ಸಾಧ್ಯ. ಕೆಸರು ಒಳಗೆ ನಿಲ್ಲುವುದಿಲ್ಲ, ಪ್ಯಾಡ್ ಬದಲಿಸುವುದು ಸುಲಭ. ಆದರೆ ಸೀಲ್ ಸೋರಿದರೆ ಆಯಿಲ್ ಡಿಸ್ಕಿಗೂ ಚಿಮ್ಮುತ್ತದೆ. ಬ್ರೇಕಿನ ಪೂರ್ತಿ ಬಲ ಬೀಳುವ ಬ್ರ್ಯಾಕೆಟ್ಟನ್ನು ಲೆಕ್ಕವಿಲ್ಲದೆ ವೆಲ್ಡ್ ಮಾಡಿಸಿದರೆ ಹಿಂದಿಗಿಂತ ದೊಡ್ಡ ಅಪಾಯ. ಡ್ರಮ್ ಸೀಳಿದ್ದರೆ ಅಥವಾ ಬಿಡಿಭಾಗ ಎಲ್ಲಿಯೂ ಸಿಗದಿದ್ದರೆ ಮಾತ್ರ ಆ ದಾರಿ ಹಿಡಿಯಿರಿ. ತಮ್ಮ ವಿಷಯದಲ್ಲಿ ಕಾರಣ ಕೈಗೆ ಸಿಕ್ಕಿರುವುದರಿಂದ ಸೀಲ್, ಲೈನರ್, ಬ್ರೀದರ್ ಮೂರನ್ನೂ ಸರಿಪಡಿಸಿ ಮೂಲ ಬ್ರೇಕನ್ನೇ ಉಳಿಸಿಕೊಳ್ಳುವುದು ಸೂಕ್ತ.

ಲಾಕ್ ವಾಲ್ವಿನ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾದದ್ದು. ಅದು ಪೈಪಿನೊಳಗಿನ ಆಯಿಲ್ ಒತ್ತಡವನ್ನು ಹಿಡಿದಿಟ್ಟು ಚಕ್ರವನ್ನು ತಡೆಯುತ್ತದೆ. ಯಾವುದಾದರೂ ಒಂದು ರಬ್ಬರ್ ಕಪ್ಪಿನ ಬಳಿ ಕಣ್ಣಿಗೆ ಕಾಣದಷ್ಟು ಸೋರಿದರೂ, ಬಿಸಿಯಾದ ಆಯಿಲ್ ಸಂಜೆಯ ಚಳಿಗೆ ತಣ್ಣಗಾಗಿ ಕುಗ್ಗಿದರೂ ಒತ್ತಡ ಇಳಿಯುತ್ತದೆ. ನಿಲ್ಲಿಸಿದಾಗ ಗಟ್ಟಿಯಾಗಿದ್ದ ಗಾಡಿ ಯಾರೂ ನೋಡದ ಹೊತ್ತಿನಲ್ಲಿ ಹೊರಡುತ್ತದೆ. ಹ್ಯಾಂಡ್ ಬ್ರೇಕ್ ಇದ್ದು, ಅದರ ಜೊತೆಗೆ ಕ್ಷಣಕಾಲದ ಸಹಾಯಕ್ಕೆ ಬಳಸುವವರಿದ್ದಾರೆ; ಅದರ ಬದಲಿಗೆ ಬಳಸುವುದು ಸಲ್ಲದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 96ನೇ ನಿಯಮದಂತೆ ಇಂಥ ವಾಹನಕ್ಕೆ ಪಾರ್ಕಿಂಗ್ ಬ್ರೇಕ್ ಮತ್ತು ಕಾಲಿನ ಬ್ರೇಕ್ ಎಂಬ ಎರಡು ಸ್ವತಂತ್ರ ವ್ಯವಸ್ಥೆಗಳಿರಬೇಕು. ಲಾಕ್ ವಾಲ್ವ್ ಕಾಲಿನ ಬ್ರೇಕಿನ ಪೈಪನ್ನೇ ಅವಲಂಬಿಸಿರುವುದರಿಂದ ಅದು ಸ್ವತಂತ್ರ ವ್ಯವಸ್ಥೆ ಆಗಲಾರದು. ಕೊಡಗಿನ ಕೆಎ 12 ನೋಂದಣಿಯ ಹಳೆಯ ಜೀಪುಗಳನ್ನು 15 ವರ್ಷದ ನಂತರ ನವೀಕರಣಕ್ಕೆ ತಪಾಸಣೆಗೆ ಒಯ್ಯುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಗುರುಗಳೇ, ಲೆಕ್ಕ ತಿಳಿದ ಮೇಲೆ ಮೂಲ ಡ್ರಮ್ಮನ್ನೇ ಉಳಿಸುವುದೆಂದು ನಿರ್ಧರಿಸಿದೆ. ಉಗುರು ಸಿಕ್ಕಿಕೊಂಡಿದ್ದರಿಂದ ಫ್ಲ್ಯಾಂಜಿಗೆ ಸ್ಲೀವ್ ಹೊಡೆಸಿ, ಹೊಸ ಸೀಲ್ ಮತ್ತು ಲೈನರ್ ಹಾಕಿಸಿದ್ದೇನೆ. ಬ್ರೀದರಿನ ತೂತು ಪೂರ್ತಿ ಮಣ್ಣಿನಿಂದ ಮುಚ್ಚಿತ್ತು. ಈಗ ಮಧ್ಯಾಹ್ನವೂ ಕಣದ ಇಳಿಜಾರಿನಲ್ಲಿ ಗಾಡಿ ಅಲುಗದೆ ನಿಲ್ಲುತ್ತಿದೆ. ಲಿವರ್ ಎಳೆದ ಮೇಲೆ ಗಾಡಿ ಒಂದಿಷ್ಟು ಹಿಂದೆ ಸರಿದು ಆಮೇಲೆ ಗಟ್ಟಿಯಾಗುತ್ತದೆ, ಇದು ಸಹಜವೇ? ಟ್ರೇಲರ್ ಕಟ್ಟಿದಾಗಲೂ ಇದನ್ನು ನಂಬಬಹುದೇ?

ಉತ್ತರ (ಗೋಣಿಕೊಪ್ಪದಿಂದ)

ಅಷ್ಟು ಸರಿಯುವುದು ಸಹಜ. ಡ್ರಮ್ಮಿಗೂ ಚಕ್ರಕ್ಕೂ ನಡುವೆ ಇರುವ ಕ್ರಾಸುಗಳು, ಕ್ರೌನ್ ಪಿನಿಯನ್ ಹಲ್ಲುಗಳು ಮತ್ತು ಆಕ್ಸಲಿನ ಸ್ಪ್ಲೈನುಗಳ ಸಡಿಲವೆಲ್ಲ ಒಂದು ಕಡೆಗೆ ಸೇರಿದ ಮೇಲೆಯೇ ಹಿಡಿತ ಬರುತ್ತದೆ. ಸರಿತ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಕ್ರಾಸ್ ಸವೆದಿದೆಯೇ ನೋಡಿ. ಕಾಲಿನ ಬ್ರೇಕ್ ತುಳಿದು, ಲಿವರ್ ಎಳೆದು, ಆಮೇಲೆ ಕಾಲನ್ನು ನಿಧಾನವಾಗಿ ಬಿಟ್ಟರೆ ಜರ್ಕು ಬೀಳದೆ ಭಾರ ಕುಳಿತುಕೊಳ್ಳುತ್ತದೆ.

ಟ್ರೇಲರಿನ ಮಾತು ಬೇರೆ. 50 ಕಿಲೋದ 20 ಚೀಲ ಹೇರಿದರೆ ಗುರುಗಳು ಹೇಳಿದ ಅದೇ ಏರಿನಲ್ಲಿ ಚೀಲಗಳ ಭಾರವೊಂದೇ ಸುಮಾರು 196 ಕಿಲೋ ಬಲದಿಂದ ಜೀಪನ್ನು ಕೆಳಕ್ಕೆ ಎಳೆಯುತ್ತದೆ. ಟ್ರೇಲರಿನ ಸ್ವಂತ ತೂಕ ಅದರ ಮೇಲೆ. ಹಾಗಾಗಿ ಟ್ರೇಲರಿನ ಚಕ್ರಕ್ಕೆ ಪ್ರತ್ಯೇಕವಾಗಿ ಅಡ್ಡ ಕೊಡಲೇಬೇಕು. ಉರುಟು ಕಲ್ಲು ಬೇಡ, ಒದ್ದೆ ನೆಲದಲ್ಲಿ ಅದು ಚಕ್ರದೊಂದಿಗೇ ಉರುಳುತ್ತದೆ. ಹಲಸು ಅಥವಾ ಬೇರೆ ಯಾವುದಾದರೂ ಗಟ್ಟಿ ಮರದಲ್ಲಿ ಚಕ್ರದ ಅಗಲಕ್ಕೆ ಇಳಿಜಾರಾಗಿ ಕೊಯ್ಯಿಸಿದ ತುಂಡುಗಳನ್ನು ಮಾಡಿಸಿ ಗಾಡಿಯಲ್ಲಿಯೇ ಇಡಿ. ಜೀಪನ್ನು ಫೋರ್ ವೀಲ್ ಲೋನಲ್ಲಿ, ಏರಿಗೆ ಮುಖ ಮಾಡಿದ್ದರೆ ಫಸ್ಟ್ ಗೇರಿನಲ್ಲಿ, ಇಳಿಜಾರಿಗೆ ಮುಖ ಮಾಡಿದ್ದರೆ ರಿವರ್ಸಿನಲ್ಲಿ ನಿಲ್ಲಿಸಿ. ಮುಂದಿನ ಚಕ್ರಗಳನ್ನು ಆಕ್ಸಲಿಗೆ ಜೋಡಿಸುವ ಹಬ್ ಲಾಕ್ ಆಗಿದ್ದರೆ ಶಾಫ್ಟಿನ ಬ್ರೇಕಿನ ಹಿಡಿತ ಮುಂದಿನ ಚಕ್ರಗಳಿಗೂ ತಲುಪುತ್ತದೆ, ಈ ಮಾದರಿಯ ಬ್ರೇಕಿನ ದೊಡ್ಡ ಅನುಕೂಲ ಅದು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲಿನಲ್ಲಿದ್ದರೆ ಮಾತ್ರ ಗೇರ್ ಹಾಕಿದ್ದೂ ಹಾಕದಂತೆಯೇ.

ಇನ್ನೊಂದು ವಿಷಯವನ್ನು ತಮ್ಮ ಡ್ರೈವರಿಗೂ ತಪ್ಪದೆ ತಿಳಿಸಿ. ಈ ಬ್ರೇಕ್ ಹಿಡಿಯುವುದು ಶಾಫ್ಟನ್ನು, ಚಕ್ರವನ್ನಲ್ಲ. ಪಂಕ್ಚರ್ ಆಗಿ ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದರೆ, ಶಾಫ್ಟ್ ಬಿಗಿಯಾಗಿದ್ದರೂ ಎತ್ತಿದ ಚಕ್ರ ಒಂದು ದಿಕ್ಕಿಗೂ ನೆಲದ ಮೇಲಿನ ಚಕ್ರ ಅದರ ವಿರುದ್ಧ ದಿಕ್ಕಿಗೂ ಡಿಫರೆನ್ಶಿಯಲಿನ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ) ಮೂಲಕ ತಿರುಗಬಲ್ಲವು, ಗಾಡಿ ಜಾಕಿಯಿಂದ ಉರುಳಿ ಬೀಳುತ್ತದೆ. ಹ್ಯಾಂಡ್ ಬ್ರೇಕ್ ಎಷ್ಟೇ ಹೊಸದಾಗಿರಲಿ, ಜಾಕಿ ಇಡುವ ಮೊದಲು ನೆಲದಲ್ಲಿ ಉಳಿಯುವ ಮೂರು ಚಕ್ರಗಳಿಗೂ ಎರಡೂ ಕಡೆಯಿಂದ ಅಡ್ಡ ಕೊಡಿ.

ಉತ್ತರ (ಸೋಮವಾರಪೇಟೆಯಿಂದ)

ಮಳೆಗಾಲ ಬರುವುದರಿಂದ ಒಂದು ಸೇರಿಕೆ. ಕೊಯ್ಲು ಮುಗಿದ ಮೇಲೆ ಜೀಪನ್ನು ಶೆಡ್ಡಿನಲ್ಲಿ ಬಹಳ ದಿನ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆದು ಬಿಡಬೇಡಿ. ನಮ್ಮ ತೇವದ ಗಾಳಿಯಲ್ಲಿ ಲೈನರ್ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ, ಬಲವಂತವಾಗಿ ಹೊರಡಿಸಿದರೆ ಲೈನರ್ ಕಿತ್ತುಬರುವುದೂ ಉಂಟು. ಸಮತಟ್ಟಿನಲ್ಲಿ ಗೇರ್ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ಲಿವರ್ ಸಡಿಲ ಬಿಡಿ. ನಡುನಡುವೆ ಯಾರಾದರೂ ಲಿವರನ್ನು ಎಳೆದು ಬಿಡುತ್ತಿದ್ದರೆ ಕೇಬಲ್ ಕೂಡ ಜೀವಂತವಾಗಿರುತ್ತದೆ.